ಗಾಲಿಯ ಎರಡು ಸುತ್ತು

ಡಿಸ್ಕ್ ಬ್ರೇಕಿನ ಮಾತು ತೆಗೆದರೆ ಶಾಬುದ್ದೀನ ಕೈಯಲ್ಲಿದ್ದ ಪಾನಾ ಕೆಳಗಿಟ್ಟುಬಿಡುತ್ತಿದ್ದ.

"ಮೋಟರ್‌ಸೈಕಲ್‌ಗೆ ಬೇಕ್ರಿ ಅದು, ಒಪ್ಪತೇನಿ. ಎಂಟು ಕಿಲೋ ಸೈಕಲ್‌ಗೆ ಯಾಕ? ಅರ್ಧ ಕಿಲೋ ತೂಕ ಸುಮ್ಮನ ಜಾಸ್ತಿ. ಪಂಕ್ಚರ್ ಆದ್ರ ಗಾಲಿ ಬಿಚ್ಚಿ ಹಾಕೂದರಾಗ ರೇಸ್ ಮುಂದ ಹೋಗಿರತೈತಿ. ಗಾಲಿ ನಡುವಿನ ಆ ಡಿಸ್ಕ್ ತಗಡು ಒಂಚೂರು ಸೊಟ್ಟಾತಂದ್ರ ದಾರಿ ತುಂಬ ಸುಂಯ್ ಸುಂಯ್ ಅಂತ ಅಳತೈತಿ. ಎಣ್ಣಿ ಸೋರಿದ್ರ ಹಲಗೇರಿಯಾಗ ಯಾರ್ ಹಾಕ್ಕೊಡ್ತಾರ? ನಮ್ಮ ಬ್ರೇಕ್ ನೋಡ್ರಿ. ಒಂದು ತಂತಿ, ಎರಡು ರಬ್ಬರ್. ಕುರುಡನೂ ರಿಪೇರಿ ಮಾಡ್ತಾನ."

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಅವನ ಸೈಕಲ್ ಅಂಗಡಿ. ಹೊರಗಿನಿಂದ ನೋಡಿದರೆ ಬರೀ ಪಂಕ್ಚರ್ ಅಂಗಡಿ. ಒಳಗೋಡೆಗೆ ಮಾತ್ರ ಮೂರು ಹಳೆಯ ರೇಸ್ ಸೈಕಲ್ಲುಗಳು ತೂಗುತ್ತಿದ್ದವು. ಹರೆಯದಲ್ಲಿ ಜಮಖಂಡಿ, ವಿಜಯಪುರ, ಗದಗ ಎಂದು ತಿರುಗಿ ಅವನು ಗೆದ್ದುಬಂದ ಸೈಕಲ್ಲುಗಳು ಅವು. ಈಗ ವಯಸ್ಸು ಐವತ್ತೇಳು. ಗಾಲಿಯ ಔಟ್ ತೆಗೆದು ಸೊಟ್ಟ ಸರಿಮಾಡುವುದರಲ್ಲಿ ಜಿಲ್ಲೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಸಪ್ಪಳ ಕೇಳಿಯೇ ಯಾವುದು ಸಡಿಲ, ಯಾವುದು ಬಿಗಿ ಎಂದು ಹೇಳುತ್ತಿದ್ದ.

ಡಿಸ್ಕ್ ಬ್ರೇಕಿನ ಬಗ್ಗೆ ಅವನು ಹೇಳುತ್ತಿದ್ದುದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಹೇಳದೆ ಬಿಟ್ಟದ್ದು ಮಾತ್ರ ಒಂದಿತ್ತು.

ಹಿಂದಿನ ವರ್ಷ ಹಾವೇರಿಯ ಎಲುಬಿನ ಡಾಕ್ಟರು ಶಶಿಕಾಂತ ತಮ್ಮ ಹೊಸ ಸೈಕಲ್ಲನ್ನು ಅವನ ಅಂಗಡಿಯಲ್ಲಿ ಬಿಟ್ಟುಹೋಗಿದ್ದರು. ಡಿಸ್ಕ್ ಬ್ರೇಕಿನ ಹಿಡಿ ಮೆತ್ತಗಾಗಿದೆ, ಒಳಗೆ ಗಾಳಿ ಸೇರಿದೆ, ಎಣ್ಣೆ ಬದಲಿಸಬೇಕು ಎಂದಿದ್ದರು. ಶಾಬುದ್ದೀನ ಆ ಕೆಲಸ ಎಂದೂ ಮಾಡಿರಲಿಲ್ಲ. ಬರುವುದಿಲ್ಲ ಎನ್ನಲು ಬಾಯಿ ಏಳಲಿಲ್ಲ. ಪಕ್ಕದ ಗ್ಯಾರೇಜಿನಿಂದ ಮೋಟರ್‌ಸೈಕಲ್ಲಿನ ಬ್ರೇಕ್ ಆಯಿಲ್ ತಂದು ತುಂಬಿದ. ಆ ಬ್ರೇಕಿಗೆ ಬೇರೆಯದೇ ಎಣ್ಣೆ ಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ನಾಲ್ಕೇ ದಿನಕ್ಕೆ ಒಳಗಿನ ರಬ್ಬರ್ ಉಂಗುರಗಳು ಉಬ್ಬಿ ಬ್ರೇಕು ಜಾಮಾಯಿತು. ಡಾಕ್ಟರು ಜಗಳಾಡಲಿಲ್ಲ. "ಇರ್ಲಿ ಬಿಡ್ರಿ ಸಾಬ್ರ, ಹುಬ್ಬಳ್ಳಿಗೆ ಕಳಸ್ತೀನಿ" ಎಂದು ನಗುತ್ತ ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ಹೋದರು. ಬೈದು ಹೋಗಿದ್ದರೆ ಶಾಬುದ್ದೀನ ಮರೆಯುತ್ತಿದ್ದನೇನೋ. ಆ ನಗು ಒಳಗೇ ಉಳಿಯಿತು. ಹೆಂಡತಿ ಸೈದಾಬಿಗೂ ಹೇಳಲಿಲ್ಲ, ಮಗಳು ನಸ್ರೀನಳಿಗೂ ಹೇಳಲಿಲ್ಲ. ಡಿಸ್ಕ್ ಬ್ರೇಕಿನ ಮೇಲಿನ ಅವನ ಭಾಷಣ ಶುರುವಾದದ್ದು ಆಮೇಲೆಯೇ.

ನಸ್ರೀನಳಿಗೆ ಇಪ್ಪತ್ತೊಂದು ವರ್ಷ. ಕ್ರೀಡಾ ಹಾಸ್ಟೆಲಿನಲ್ಲಿ ಕಲಿತವಳು, ಎರಡು ಸಲ ರಾಜ್ಯಮಟ್ಟದಲ್ಲಿ ಮೂರನೆಯವಳಾಗಿ ಬಂದವಳು. ಅಲ್ಲಿ ಅವಳಿಗೆ ಸಿಕ್ಕ ಗೆಳತಿ ಸುಚಿತ್ರಾ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನವರ ಮಗಳು. ಹಾಸ್ಟೆಲ್ ಬಿಟ್ಟ ಮೇಲೂ ಇಬ್ಬರೂ ಜೊತೆಯಾಗಿಯೇ ತಾಲೀಮು ಮಾಡುತ್ತಿದ್ದರು. ಬೆಳಿಗ್ಗೆ ಸುಚಿತ್ರಾ ಬ್ಯಾಡಗಿಯಿಂದ ಹೊರಟು ಮೋಟೆಬೆನ್ನೂರಿಗೆ ಬರುವಷ್ಟರಲ್ಲಿ ನಸ್ರೀನ್ ರಾಣೆಬೆನ್ನೂರಿನಿಂದ ಬಂದು ಅಲ್ಲಿ ನಿಂತಿರುತ್ತಿದ್ದಳು. ಒಬ್ಬಳು ಮುಂದೆ ಗಾಳಿ ಒಡೆಯುತ್ತ, ಇನ್ನೊಬ್ಬಳು ಅವಳ ಹಿಂದಿನ ಗಾಲಿಗೆ ಒಂದು ಗೇಣು ಅಂತರದಲ್ಲಿ ಅಂಟಿಕೊಂಡು, ಸರದಿ ಬದಲಿಸುತ್ತ ಎಂಬತ್ತು ನೂರು ಕಿಲೋಮೀಟರ್ ತುಳಿಯುತ್ತಿದ್ದರು. ಅಷ್ಟು ಹತ್ತಿರ ಹೋಗಬೇಕಾದರೆ ಮುಂದಿನವಳ ಮೇಲೆ ಕಣ್ಣುಮುಚ್ಚಿ ಭರವಸೆ ಇರಬೇಕು. ಐದು ವರ್ಷ ಅದಿತ್ತು.

ಈ ವರ್ಷ ನವೆಂಬರಿನಲ್ಲಿ ರಾಜ್ಯ ತಂಡದ ಆಯ್ಕೆ. ಈ ಸಲ ಇಬ್ಬರಿಗೂ ಜಾಗ ಸಿಗಬಹುದು ಎಂದು ಕೋಚ್ ಹೇಳಿದ್ದರು. ತಂಡಕ್ಕೆ ಸೇರಿದರೆ ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿಯ ದಾರಿ ತೆರೆಯುತ್ತಿತ್ತು.

ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಪ್ರಭುಲಿಂಗಪ್ಪನವರ ಜೀಪು ಅಂಗಡಿಯ ಮುಂದೆ ನಿಂತಿತು. ಹಿಂದೆ ಎರಡು ಉದ್ದನೆಯ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಗೂ ಮೆಣಸಿನಕಾಯಿಯ ಘಾಟು ಹತ್ತಿತ್ತು. ಇಳಿಸುವಾಗ ಶಾಬುದ್ದೀನ ಎರಡು ಸಲ ಸೀನಿದ.

"ಎರಡೂ ಡಿಸ್ಕ್ ಬ್ರೇಕಿನ ಸೈಕಲ್ ಅದಾವು, ಸಾಬ್ರ. ಒಂದು ನಮ್ಮ ಸುಚಿತ್ರಾಂದು, ಇನ್ನೊಂದು ನಸ್ರೀನಂದು. ತನಗೊಂದ ತಂದ್ರ ಹತ್ತಂಗಿಲ್ಲ ಅಂತ ಹಟಾ ಹಿಡದು ಕುಂತಾಳ್ರಿ ನಮ್ಮಾಕಿ" ಎಂದರು ಪ್ರಭುಲಿಂಗಪ್ಪ.

ಒಳಗಿನಿಂದ ನಸ್ರೀನ್ ಓಡಿಬಂದಳು. ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

ಶಾಬುದ್ದೀನ ಪಾನಾ ಕೆಳಗಿಟ್ಟ. "ನಿಮ್ಮ ಮನಸು ದೊಡ್ಡದೈತಿ, ಸಾವ್ಕಾರ್ರ. ಆದ್ರ ನಮಗ ಬ್ಯಾಡ" ಎಂದು ಶುರುಮಾಡಿದ. ತೂಕ, ತಗಡು, ಎಣ್ಣೆ ಎಲ್ಲ ಹೇಳಿದ. ಕೊನೆಗೆ, "ನನ್ನ ಮಗಳು ನಾ ಕಟ್ಟಿದ ಸೈಕಲ್ ಮ್ಯಾಲ ಗೆಲ್ತಾಳ" ಎಂದ.

"ಅಬ್ಬಾ," ಎಂದಳು ನಸ್ರೀನ್. ಮನೆಯಲ್ಲಿ ಉರ್ದು ಆಡಿದರೂ ಅಂಗಡಿಗೆ ಬಂದರೆ ಅಪ್ಪ ಮಗಳ ಮಾತು ಕನ್ನಡವೇ. "ಸುಚಿತ್ರಾ ಮೊನ್ನೆ ಕೋಚ್ ಸರ್ ಕಡೆ ಇದ್ದ ಡಿಸ್ಕ್ ಸೈಕಲ್ ಇಸಗೊಂಡು ನನಗ ಹೊಡಿಯಾಕ ಕೊಟ್ಟಿದ್ಲು. ಮಳಿಯೊಳಗ ಇಳುಕಲದಾಗ ಒಂದು ಬೆರಳಲೇ ನಿಂತೈತಿ. ಒಂದೇ ಬೆರಳು."

"ಮಳಿಯೊಳಗ ಅಷ್ಟ. ವರ್ಷಕ್ಕ ಎಷ್ಟ ದಿನ ಮಳಿ ಬರತೈತಿ ನಮ್ಮ ಕಡೆ?"

"ಬಂದ ದಿನಾ ಸಾಕಲ್ಲ?"

"ನನಗ ಕಲಿಸಬ್ಯಾಡ."

ಪ್ರಭುಲಿಂಗಪ್ಪನವರು ಮುಖ ಬಾಡಿಸಿಕೊಂಡು ಒಂದು ಪೆಟ್ಟಿಗೆಯನ್ನು ಜೀಪಿಗೆ ಮತ್ತೆ ಏರಿಸಿದರು. ಸುಚಿತ್ರಾಳ ಸೈಕಲ್ಲನ್ನು ಶಾಬುದ್ದೀನನೇ ಜೋಡಿಸಿಕೊಟ್ಟ. ಎಣ್ಣೆ ಕಾರ್ಖಾನೆಯಲ್ಲೇ ತುಂಬಿ ಬಂದಿತ್ತು, ಅವನು ಅದನ್ನು ಮುಟ್ಟುವ ಪ್ರಸಂಗ ಬರಲಿಲ್ಲ. ನಸ್ರೀನ್ ಆ ವಾರವೆಲ್ಲ ಅಪ್ಪನ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದಳು. ಆಮೇಲೆ ಮರೆತಳು, ಅಥವಾ ಮರೆತಂತಿದ್ದಳು.

ಹಾಗೆಂದು ಮಳೆಯ ಮಾತು ಶಾಬುದ್ದೀನನಿಗೆ ತಿಳಿಯದ್ದೇನಲ್ಲ. ರಬ್ಬರ್ ಬ್ರೇಕು ತೊಯ್ದ ರಿಮ್ಮನ್ನು ಒತ್ತಿದಾಗ, ಮೊದಲು ನೀರು ಒರೆಸಬೇಕು. ಗಾಲಿ ಎರಡು ಸುತ್ತು ತಿರುಗಿದ ಮೇಲೆಯೇ ಹಿಡಿತ. ಡಿಸ್ಕಿನ ತಗಡು ಗಾಲಿಯ ನಡುವೆ, ನೆಲದ ನೀರಿನಿಂದ ಮೇಲಿರುತ್ತದೆ. ಒತ್ತಿದ ಕೂಡಲೇ ಹಿಡಿಯುತ್ತದೆ. ಇಬ್ಬರ ಬ್ರೇಕು ಬೇರೆಬೇರೆಯಾಗಿ, ಗೇಣಿನ ಅಂತರದಲ್ಲಿ ಸಾಗುವಾಗ, ಮುಂದಿನವಳು ಗಕ್ಕನೆ ನಿಂತರೆ ಹಿಂದಿನವಳ ಗತಿಯೇನು? ಜುಲೈನಲ್ಲಿ ಅವನೇ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ:

"ರಸ್ತಾ ತೊಯ್ದಿತ್ತಂದ್ರ ನಸ್ರೀನ್ ಮುಂದ, ಸುಚಿತ್ರಾ ಹಿಂದ. ಸರದಿ ಬದಲಿ ಮಾಡೂದಿಲ್ಲ. ತಿಳೀತಿಲ್ಲೊ?"

"ತಿಳೀತು ಚಾಚಾ," ಎಂದಳು ಸುಚಿತ್ರಾ. ಕೋಚ್ ಕೂಡ ಅದನ್ನೇ ನಿಯಮ ಮಾಡಿದರು.

ನಸ್ರೀನ್ ಮಾತ್ರ ಅಪ್ಪನ ಮುಖ ನೋಡಿದಳು. "ಅಂದ್ರ ಆಕೀ ಬ್ರೇಕ್ ಚಲೋ ಅದಾವಂತ ಆತಲ್ಲ?"

ಶಾಬುದ್ದೀನ ಟ್ಯೂಬಿಗೆ ಗಾಳಿ ಹೊಡೆಯತೊಡಗಿದ.

ಅಕ್ಟೋಬರಿನ ಕೊನೆಯ ಭಾನುವಾರ ಇಬ್ಬರೂ ದೇವರಗುಡ್ಡಕ್ಕೆ ಹೋಗಿ ತಿರುಗಿದ್ದರು. ಹೋಗುವಾಗ ಒಣಗಿದ್ದ ರಸ್ತೆ ಬರುವಾಗ ತೊಯ್ದಿತ್ತು. ಏರಿನುದ್ದಕ್ಕೂ ನಸ್ರೀನಳೇ ಮುಂದೆ ತುಳಿದಳು. ಇಳುಕಲು ಬಂದಾಗ ಸುಚಿತ್ರಾಳಿಗೆ ಚಳಿ ಹತ್ತಿತ್ತು, ಮನೆ ಮುಟ್ಟುವ ಅವಸರ; ನಸ್ರೀನಳ ಗಾಲಿ ಸಿಡಿಸುವ ಕೆಸರು ನೀರು ಬಾಯಿಗೆ ಬಡಿಯುತ್ತಿತ್ತು. ಏನೂ ಹೇಳದೆ ಬಲಕ್ಕೆ ಸರಿದು ಮುಂದೆ ಹೋದಳು.

"ಏ, ಹಿಂದ ಬಾ!" ಎಂದು ನಸ್ರೀನ್ ಕೂಗಿದಳು. ಗಾಳಿಯಲ್ಲಿ ಅದು ಕೇಳಿಸಿತೋ ಇಲ್ಲವೋ. ಬಿಟ್ಟು ದೂರ ಉಳಿಯಬಹುದಿತ್ತು. ಆದರೆ ಆಯ್ಕೆಗೆ ಎರಡು ವಾರ ಇರುವಾಗ ಮುಂದಿನ ಗಾಲಿ ಬಿಡುವುದಕ್ಕೆ ಕಾಲು ಒಪ್ಪಲಿಲ್ಲ.

ಹೊಲದ ಹಾದಿಯಿಂದ ಗೋವಿನಜೋಳ ತುಂಬಿದ ಟ್ರ್ಯಾಕ್ಟರ್ ಒಂದು ರಸ್ತೆಗೆ ಮೂತಿ ಚಾಚಿತು. ಸುಚಿತ್ರಾ ಎರಡು ಬೆರಳಿನಿಂದ ಬ್ರೇಕು ಹಿಡಿದಳು. ಸೈಕಲ್ಲು ಟ್ರ್ಯಾಕ್ಟರಿಗೆ ಮೊಳದಷ್ಟು ದೂರದಲ್ಲಿ, ಕಟ್ಟಿ ನಿಲ್ಲಿಸಿದಂತೆ ನಿಂತಿತು. ನಸ್ರೀನ್ ಹತ್ತೂ ಬೆರಳಿನ ಶಕ್ತಿ ಹಾಕಿ ಒತ್ತಿದಳು. ಗಾಲಿ ಒಂದು ಸುತ್ತು ತಿರುಗಿತು. ಎರಡನೆಯ ಸುತ್ತು ತಿರುಗುವಷ್ಟರಲ್ಲಿ ಸುಚಿತ್ರಾಳ ಬೆನ್ನು ಎದುರಿಗೇ ಇತ್ತು. ನೇರ ಹೋದರೆ ಇಬ್ಬರೂ ಟ್ರ್ಯಾಕ್ಟರಿನ ಗಾಲಿಯೊಳಗೆ. ನಸ್ರೀನ್ ಎಡಕ್ಕೆ ಹೊರಳಿಸಿದಳು. ಅಲ್ಲಿದ್ದದ್ದು ಸಣ್ಣ ಸೇತುವೆಯ ಕಲ್ಲಿನ ಕಟ್ಟೆ.

ಬಲ ಮೊಣಕೈ ಮೂರು ಕಡೆ ಮುರಿದಿತ್ತು. ಹಾವೇರಿಗೆ ಒಯ್ದರು. ಶಸ್ತ್ರಕ್ರಿಯೆ ಮಾಡಿದವರು ಡಾಕ್ಟರ್ ಶಶಿಕಾಂತರೇ. ಎಲುಬಿಗೆ ಅವರಷ್ಟು ನುರಿತವರು ಆ ಊರಿನಲ್ಲಿ ಬೇರೆ ಇರಲಿಲ್ಲ. ಬಾಗಿಲಲ್ಲಿ ಅವರನ್ನು ಕಂಡಾಗ ಶಾಬುದ್ದೀನ ಎರಡು ಹೆಜ್ಜೆ ಹಿಂದೆ ಸರಿದ. ಡಾಕ್ಟರು ಅವನ ಭುಜ ತಟ್ಟಿ, "ನನ್ನ ಮಗಳಂಗ ನೋಡ್ಕೋತೀನಿ ಸಾಬ್ರ" ಎಂದರು. ಹಾಗೆಯೇ ನೋಡಿಕೊಂಡರು.

ಮೂರನೆಯ ದಿನ ಪರೀಕ್ಷಿಸಲು ಬಂದಾಗ ನಸ್ರೀನಳ ಜೊತೆ ಸೈಕಲ್ಲಿನ ಮಾತು ಬಂತು. ಶಾಬುದ್ದೀನ ಕಿಟಕಿಯ ಹತ್ತಿರ ನಿಂತಿದ್ದ, ಸೈದಾಬಿ ಮೋಸಂಬಿ ಸುಲಿಯುತ್ತಿದ್ದಳು.

"ರಿಮ್ ಬ್ರೇಕ್ ಇತ್ತೇನವಾ? ತೊಯ್ದ ರಸ್ತಾದಾಗ ಅದಕ್ಕ ಕಷ್ಟ. ಬಿಸಿಲಾಗ ಎರಡೂ ಅಷ್ಟ ಅದಾವು. ಒಣಾ ದಿನಾ ಆಗಿದ್ರ ನೀನೂ ನಿಲ್ಲತಿದ್ದಿ," ಎಂದರು ಡಾಕ್ಟರು. ಆಮೇಲೆ ಹಗುರ ಮಾಡುವುದಕ್ಕೆಂದೇ ನಕ್ಕು, "ಡಿಸ್ಕ್‌ದೂ ತಾಪತ್ರಯ ಅದ ಬಿಡು. ನಂದು ಹೋದ ವರ್ಷ ನಿಮ್ಮ ಅಪ್ಪಾರಿಗೆ ಕೊಟ್ಟಿದ್ದೆ. ಮೋಟರ್‌ಸೈಕಲ್ ಎಣ್ಣಿ ಬಿದ್ದು ಎಲ್ಲಾ ಕೆಟ್ಟಿತ್ತು. ಪಾಪ, ಎಲ್ಲಾರಿಗೂ ಎಲ್ಲಾ ಗೊತ್ತಿರಬೇಕಂತೇನಿಲ್ಲ" ಎಂದರು.

ಡಾಕ್ಟರು ಹೋದ ಮೇಲೆ ನಸ್ರೀನ್ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದಳು.

"ಹೋದ ವರ್ಷಾನ ಅಬ್ಬಾ?"

ಶಾಬುದ್ದೀನ ಕಿಟಕಿಯ ಸರಳು ಹಿಡಿದುಕೊಂಡ.

"ಸಾವ್ಕಾರ ಕಾಕಾ ಸೈಕಲ್ ತಂದಾಗ ನಿಮಗ ಅದನ್ನ ರಿಪೇರಿ ಮಾಡಾಕ ಬರತಿದ್ದಿಲ್ಲ. ಅಷ್ಟ ಅಲ್ಲ? ತೂಕ, ತಗಡು, ಇವೆಲ್ಲಾ ಮಾತಿಗೆ."

"ತೂಕ ಜಾಸ್ತಿ ಇರೂದು ಖರೇನ ಐತಿ ಬೇಟಿ..."

"ಖರೇ ಐತಿ. ನೀವು ಹೇಳಿದ್ದೆಲ್ಲಾ ಖರೇನ." ಅವಳ ದನಿ ಏರಲಿಲ್ಲ. "ಬರೂದಿಲ್ಲ ಅಂತ ಒಂದ ಮಾತು ಹೇಳಿದ್ರ ನಾ ಹುಬ್ಬಳ್ಳಿಗೆ ಹೋಗಿ ಮಾಡಿಸ್ಕೊಂಡ ಬರತಿದ್ದೆ. ನಿಮಗ ನಾಚಿಕಿ ಬರತೈತಂತ ನನ್ನ ಕೈ ಹೋತು."

ಸೈದಾಬಿ ಸುಲಿದ ಮೋಸಂಬಿಯನ್ನು ತಟ್ಟೆಯಲ್ಲಿಟ್ಟು, ಗಂಡನನ್ನು ನೋಡದೆ, ಸಿಪ್ಪೆ ಎತ್ತಿಕೊಂಡು ಹೊರಗೆ ಹೋದಳು. ಶಾಬುದ್ದೀನನಿಗೆ ಅಳು ಬರಲಿಲ್ಲ. ಬಂದಿದ್ದರೆ ಮಗಳು ಏನಾದರೂ ಅನ್ನುತ್ತಿದ್ದಳೋ ಏನೋ.

ಸುಚಿತ್ರಾ ನೋಡಲು ಬಂದದ್ದು ಆರನೆಯ ದಿನ, ನಸ್ರೀನ್ ಮನೆಗೆ ಬಂದ ಮೇಲೆ. ಹಣ್ಣಿನ ಚೀಲವನ್ನು ಕೈಯಲ್ಲೇ ಹಿಡಿದುಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಳು.

"ನಸ್ರೀನ್, ಕೋಚ್ ಸರ್ ಕೇಳಿದ್ರು. ತೊಯ್ದ ರಸ್ತಾದಾಗ ನಾ ಯಾಕ ಮುಂದ ಇದ್ದೆ ಅಂತ."

"ಏನ್ ಹೇಳಿದಿ?"

ಸುಚಿತ್ರಾ ಚೀಲದ ಹಿಡಿಕೆ ತಿರುವಿದಳು. "ನಿನಗ ದಣಿವಾಗಿತ್ತು, ನೀನ ನನಗ ಮುಂದ ಹೋಗು ಅಂದಿ ಅಂತ ಹೇಳೇನಿ. ನಿಯಮ ಮುರದಾಳ ಅಂತಾದ್ರ ನನ್ನ ಹೆಸರು ತಗದುಬಿಡ್ತಾರ. ನಿನಗಂತೂ ಈ ವರ್ಷ ಆಗಂಗಿಲ್ಲ. ಸರ್ ನಿನಗೂ ಫೋನ್ ಮಾಡ್ತಾರ. ನೀನೂ ಹಂಗ ಹೇಳಿದ್ರ..."

ನಸ್ರೀನ್ ಗೆಳತಿಯನ್ನು ನೋಡಿದಳು. ಇಳುಕಲಿನಲ್ಲಿ ಕೊನೆಯ ಗಳಿಗೆಯಲ್ಲಿ ಕಂಡಿದ್ದು ಇವಳ ಬೆನ್ನು. ಆ ಬೆನ್ನನ್ನು ಉಳಿಸಲೆಂದೇ ಎಡಕ್ಕೆ ಹೊರಳಿದ್ದು. ಅದನ್ನು ಇವಳಿಗೆ ಹೇಳಬಹುದಿತ್ತು. ಹೇಳಿದರೆ ಇವಳು ಅಳುತ್ತಾಳೆ, ತಾನು ಸಮಾಧಾನ ಮಾಡಬೇಕಾಗುತ್ತದೆ ಅನಿಸಿತು.

"ಹೇಳ್ತೀನಿ," ಎಂದಳು. "ಹಂಗ ಹೇಳ್ತೀನಿ. ಇನ್ನ ಮ್ಯಾಲ ನೀ ಈ ಕಡೆ ಬರಬ್ಯಾಡ."

ಸುಚಿತ್ರಾ ಹಣ್ಣಿನ ಚೀಲವನ್ನು ಬಾಗಿಲ ಬಳಿ ಇಟ್ಟು ಹೋದಳು. ನವೆಂಬರಿನಲ್ಲಿ ಅವಳು ತಂಡಕ್ಕೆ ಆಯ್ಕೆಯಾದಳು. ಪೇಪರಿನಲ್ಲಿ ಫೋಟೋ ಬಂತು. ಶಾಬುದ್ದೀನ ಆ ಪುಟವನ್ನು ಮಡಚಿ ಅಂಗಡಿಯ ಹಳೆ ಟ್ಯೂಬುಗಳ ಕೆಳಗೆ ತುರುಕಿದ. ಮಗಳು ಅದನ್ನು ಫೋನಿನಲ್ಲಿ ಆಗಲೇ ನೋಡಿದ್ದಳು.

ಕೈ ಕೂಡಿತು, ಆದರೆ ಪೂರ್ತಿ ಚಾಚಲು ಬರಲಿಲ್ಲ. ಕೊನೆಯ ಎರಡು ಬೆರಳುಗಳಲ್ಲಿ ಸ್ಪರ್ಶವೇ ಇರಲಿಲ್ಲ, ಹಿಡಿತ ಅರ್ಧಕ್ಕಿಳಿದಿತ್ತು. ಫೆಬ್ರವರಿಯಲ್ಲಿ ಡಾಕ್ಟರು ಹೇಳಿದರು: "ರೇಸ್ ಆಸೆ ಬಿಡವಾ. ಸೈಕಲ್ ಹೊಡಿಬಹುದು. ಆದ್ರ ತಂತಿ ಬ್ರೇಕ್ ಒತ್ತಾಕ ಈ ಕೈಲೆ ಆಗಂಗಿಲ್ಲ. ಎಣ್ಣಿ ಡಿಸ್ಕ್ ಇದ್ರ ಆಗತದ. ಅದಕ್ಕ ಒಂದು ಬೆರಳು ಸಾಕು."

ಆ ಮಾತು ಕೇಳಿದ ಮರುದಿನ ಶಾಬುದ್ದೀನ ಬಸ್ಸು ಹತ್ತಿ ಬ್ಯಾಡಗಿಗೆ ಹೋದ. ಪ್ರಭುಲಿಂಗಪ್ಪನವರು ಅಂಗಡಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ನಿಂತು ಒಂದೊಂದೇ ಕಾಯಿ ಮುರಿದು ನೋಡುತ್ತಿದ್ದರು. ಕುಂದ್ರಿ ಎಂದರು, ಚಹಾ ತರಿಸಿದರು.

"ಸಾವ್ಕಾರ್ರ, ಆ ಇನ್ನೊಂದು ಸೈಕಲ್..." ಎಂದ ಶಾಬುದ್ದೀನ.

"ಅದನ್ನ ಹಲಗೇರಿ ಹುಡುಗಿ ಮುಸ್ಕಾನ್‌ಗೆ ಕೊಟ್ಟೆವ್ರಿ. ಆಕೀನೂ ಚಲೋ ಹೊಡೀತಾಳಂತ." ಅವರು ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಎಸೆದರು. "ಅವತ್ತ ನಾ ಮನಿ ಬಾಗಿಲಿಗೆ ತಂದಿದ್ದೆ, ಸಾಬ್ರ. ನೀವು ಮಗಳ ಮುಂದ ಬ್ಯಾಡ ಅಂದ್ರಿ."

ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಶಾಬುದ್ದೀನ ಚಹಾ ಕುಡಿದು ಎದ್ದು ಬಂದ.

ಆಮೇಲೆ ಅವನು ಅಂಗಡಿಗೆ ಬೀಗ ಹಾಕಿ ಹುಬ್ಬಳ್ಳಿಗೆ ಹೋದ. ದೊಡ್ಡ ಸೈಕಲ್ ಶೋರೂಮೊಂದರಲ್ಲಿ ಇಪ್ಪತ್ತೈದು ವರ್ಷದ ಜಹೀರ ಎಂಬ ಮೆಕ್ಯಾನಿಕ್ ಇದ್ದ. ಅವನ ಹತ್ತಿರ ನೆಲದ ಮೇಲೆ ಕುಳಿತು ಒಂದು ತಿಂಗಳು ಕಲಿತ. ಯಾವ ಬ್ರೇಕಿಗೆ ಯಾವ ಎಣ್ಣೆ, ಗಾಳಿ ಹೇಗೆ ತೆಗೆಯುವುದು, ಸೊಟ್ಟಾದ ತಗಡನ್ನು ಹೇಗೆ ನೆಟ್ಟಗೆ ಮಾಡುವುದು, ತಗಡನ್ನು ಹಿಡಿಯುವ ಪ್ಯಾಡ್ ಅನ್ನು ಎಣ್ಣೆಗೈಯಲ್ಲಿ ಮುಟ್ಟಿದರೆ ಹೇಗೆ ಕೆಡುತ್ತದೆ. ಕಣ್ಣು ಮಂಜಾಗುತ್ತಿತ್ತು, ಜಹೀರ ಕನ್ನಡಕ ಮಾಡಿಸಿಕೊಳ್ಳಿ ಎಂದ. ಮಾಡಿಸಿಕೊಂಡ. ಎಷ್ಟು ಸುಲಭದ ಕೆಲಸವಿದು ಎಂದು ತಿಳಿದ ದಿನ ಅವನಿಗೆ ಊಟ ಸೇರಲಿಲ್ಲ. ಎರಡನೆಯ ವಾರದಲ್ಲೇ ತಿಳಿದುಹೋಗಿತ್ತು.

ಕಲಿತು ಮುಗಿದ ಮೇಲೆ, ಅಂಗಡಿಯ ಗೋಡೆಗೆ ತೂಗಿದ್ದ ತನ್ನ ಮೂರೂ ಸೈಕಲ್ಲುಗಳನ್ನು ಹುಬ್ಬಳ್ಳಿಗೆ ಒಯ್ದು ಆ ಶೋರೂಮಿನವರಿಗೆ ಕೊಟ್ಟು, ಯಾರೋ ಮಾರಲು ಬಿಟ್ಟಿದ್ದ ಡಿಸ್ಕ್ ಬ್ರೇಕಿನ ಸೈಕಲ್ಲೊಂದನ್ನು ತಂದ. ಹತ್ತು ದಿನ ಕುಳಿತು ಅದನ್ನು ಮಗಳ ಕೈಗೆ ಹೊಂದಿಸಿದ. ಬ್ರೇಕಿನ ಹಿಡಿಯನ್ನು, ಪೂರ್ತಿ ಚಾಚದ ಅವಳ ಕೈಗೆ ಎಟುಕುವಂತೆ ಹತ್ತಿರ ತಂದ.

ನಸ್ರೀನ್ ಸೈಕಲ್ಲನ್ನು ಎತ್ತಿ ಗಾಲಿ ತಿರುಗಿಸಿದಳು. ಒಂದು ಬೆರಳು ಇಟ್ಟಳು. ಗಾಲಿ ಸಪ್ಪಳವಿಲ್ಲದೆ ನಿಂತಿತು.

"ಚಲೋ ಆಗೈತಿ," ಎಂದಳು.

ಶಾಬುದ್ದೀನ ಇನ್ನೊಂದು ಮಾತಿಗಾಗಿ ಕಾದ. ಅವಳು ಸೈಕಲ್ಲನ್ನು ಗೋಡೆಗೆ ಆನಿಸಿ ಒಳಗೆ ಹೋದಳು.

ಮೇ ತಿಂಗಳಲ್ಲಿ ಅವಳಿಗೆ ಹಾವೇರಿಯ ಕಚೇರಿಯೊಂದರಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಸಿಕ್ಕಿತು. ರೈಲಿನಲ್ಲಿ ದಿನಾ ಓಡಾಡಬಹುದಿತ್ತು, ಅರ್ಧ ಗಂಟೆಯ ದಾರಿ. ಅವಳು ಅಲ್ಲಿಯೇ ಇಬ್ಬರು ಹುಡುಗಿಯರ ಜೊತೆ ಕೋಣೆ ಹಿಡಿದಳು. ಹೋಗುವಾಗ ಸೈಕಲ್ಲು ಒಯ್ದಳು. ಅದನ್ನು ನೋಡಿ ಶಾಬುದ್ದೀನ ಎರಡು ದಿನ ಹಗುರಾಗಿದ್ದ.

ಭಾನುವಾರ ಅವಳು ಸೈಕಲ್ ಮೇಲೆಯೇ ಊರಿಗೆ ಬರುತ್ತಿದ್ದಳು. ತಾಯಿಯ ಜೊತೆ ಅಡುಗೆಮನೆಯಲ್ಲಿ ಕುಳಿತು ನಗುತ್ತಿದ್ದಳು. ಅಪ್ಪ ಬಂದರೆ ನಗು ನಿಲ್ಲುತ್ತಿರಲಿಲ್ಲ, ಸ್ವಲ್ಪ ಸಣ್ಣದಾಗುತ್ತಿತ್ತು. ಕೇಳಿದ್ದಕ್ಕೆ ಉತ್ತರ, ಹೋಗುವಾಗ ಸಲಾಂ. ಸಿಟ್ಟು ಮಾಡಿದ್ದರೆ ಬೇಡಿಕೊಳ್ಳಬಹುದಿತ್ತು.

ಆಗಸ್ಟಿನ ಒಂದು ಭಾನುವಾರ ಶಾಬುದ್ದೀನ ಅವಳ ಸೈಕಲ್ಲಿನ ಕೆಸರು ಒರೆಸುತ್ತಿದ್ದ. ಮುಂದಿನ ಬ್ರೇಕಿನಲ್ಲಿ ಹೊಸ ಪ್ಯಾಡ್ ಕಂಡವು. ಎಣ್ಣೆಯೂ ಹೊಸದು. ತಾನು ಹಾಕಿದ್ದಲ್ಲ.

"ನಸ್ರೀನ್, ಇದನ್ನ ಯಾರ್ ಮಾಡಿದ್ರು?"

ಅವಳು ಹೊಸ್ತಿಲಿಗೆ ಬಂದಳು. "ಹಾವೇರಿಯಾಗ ಮಾಡಿಸಿದೆ. ಹೊಸಾ ಅಂಗಡಿ ಆಗೈತಿ."

"ನಾ ಇದ್ದೆನಲ್ಲ. ಕಲತು ಬಂದೇನಲ್ಲ ಈಗ."

"ಹೌದು ಅಬ್ಬಾ. ನೀವು ಚಲೋ ಮಾಡ್ತೀರಿ." ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು. "ಆದ್ರ ಇಳುಕಲದಾಗ ಬ್ರೇಕ್ ಮ್ಯಾಲ ಬೆರಳು ಇಟ್ಟಾಗ ನನಗ ನೀವು ನೆನಪಾಗಬಾರದು. ಅಷ್ಟ."

ಒಳಗಿನಿಂದ ಸೈದಾಬಿ ಊಟಕ್ಕೆ ಕರೆದಳು. ನಸ್ರೀನ್ ಹೋದಳು. ಶಾಬುದ್ದೀನ ಕನ್ನಡಕ ಏರಿಸಿಕೊಂಡು, ಆ ಯಾರೋ ಮಾಡಿದ ಕೆಲಸವನ್ನು ಬೋಲ್ಟು ಬೋಲ್ಟಾಗಿ ನೋಡಿದ. ಪ್ಯಾಡುಗಳು ನೆಟ್ಟಗೆ ಕುಳಿತಿದ್ದವು. ಹಿಡಿ ಗಟ್ಟಿಯಿತ್ತು. ತಗಡಿಗೂ ಪ್ಯಾಡಿಗೂ ಎರಡೂ ಬದಿ ಕೂದಲೆಳೆಯಷ್ಟು ಸಮ ಅಂತರ. ಎಲ್ಲಿಯಾದರೂ ಒಂದು ತಪ್ಪು ಸಿಕ್ಕೀತೆಂದು ಅವನು ಬಹಳ ಹೊತ್ತು ಹುಡುಕಿದ.